ಯಾರಿಗೂ ಬೇಡದ ಕಾಡಲ್ಲಿ ಎದ್ದ ಊರು

ಪ್ರಶ್ನೆ: ಅಮೆರಿಕದ ಮಿಸಿಸಿಪಿಯ ಮೌಂಡ್ ಬೇಯೂ ಊರನ್ನು ಹಿಂದೆ ಗುಲಾಮರಾಗಿದ್ದವರೇ ಕಟ್ಟಿದರಂತೆ. ಅವರಿಗೆ ಜಮೀನು ಕೊಟ್ಟವರು ಯಾರು?

ಯಾರೂ ಸುಮ್ನೆ ಕೊಡಲಿಲ್ಲ. ದುಡ್ಡು ಕೊಟ್ಟೇ ಕೊಂಡರು. ಆಗ ಮೆಂಫಿಸ್‌ನಿಂದ ವಿಕ್ಸ್‌ಬರ್ಗ್ ಕಡೆಗೆ ಹೊಸ ರೈಲು ದಾರಿ ಬಂದಿತ್ತು. ಪಕ್ಕದಲ್ಲಿ ಜನ ನೆಲೆಸಿದರೆ ತಾನೆ ರೈಲಿಗೆ ಸರಕು? ಆದರೆ ಅಲ್ಲಿದ್ದದ್ದು ದಟ್ಟ ಕಾಡು, ಜೌಗು ನೆಲ, ಮಲೇರಿಯಾ. ಬಿಳಿಯರು ಅತ್ತ ಬರಲು ಹಿಂದೇಟು ಹಾಕಿದರು. ಹಾಗಾಗಿ ರೈಲು ಕಂಪನಿ ಕಪ್ಪು ಜನರಿಗೆ ಮಾರಲು ಒಪ್ಪಿತು. 1887ರಲ್ಲಿ ಐಸಾಯಾ ಮಾಂಟ್ಗೊಮರಿ ಮತ್ತು ಅವರ ಸಂಬಂಧಿ ಬೆಂಜಮಿನ್ ಗ್ರೀನ್ 840 ಎಕರೆ ಕೊಂಡರು. ಬಂದವರು ಮೊದಲು ಮರ ಕಡಿದರು. ಅದನ್ನೇ ಹಳಿಯಡಿ ಹಾಸುವ ದಿಮ್ಮಿ ಮಾಡಿ ಮಾರಿ ಹೊಟ್ಟೆ ಹೊರೆದರು. ಬಯಲಾದ ನೆಲಕ್ಕೆ ಹತ್ತಿ ಬಿತ್ತಿದರು.

ಐಸಾಯಾ ಅವರಿಗೆ ಜಮೀನು ಕೈತಪ್ಪುವುದೆಂದರೆ ಏನು ಅಂತ ಚೆನ್ನಾಗಿ ಗೊತ್ತಿತ್ತು. ಅವರು ಹುಟ್ಟಿದ್ದು ಜೋಸೆಫ್ ಡೇವಿಸ್ ಎಂಬ ಜಮೀನ್ದಾರನ ಗುಲಾಮನಾಗಿ. ಅಂತರ್ಯುದ್ಧ ಮುಗಿದ ಮೇಲೆ ಅವರ ತಂದೆ ಅದೇ ಜಮೀನನ್ನು ಸಾಲದ ಮೇಲೆ ಕೊಂಡರು. ನೆರೆ ಬಂತು, ಹತ್ತಿ ಬೆಲೆ ಬಿತ್ತು, ಜಮೀನು ಮತ್ತೆ ಡೇವಿಸ್ ಮನೆತನಕ್ಕೇ ಹೋಯಿತು. ನಮ್ಮ ಹಳ್ಳಿಗಳಿಗೂ ಈ ಕಥೆ ಹೊಸದಲ್ಲ, ಅಲ್ವಾ?

ಒಂದು ಮಾತು ಮುಚ್ಚಿಡಬಾರದು. 1890ರಲ್ಲಿ ಮಿಸಿಸಿಪಿ ತನ್ನ ಸಂವಿಧಾನ ಬದಲಿಸಿದಾಗ ಸಭೆಯಲ್ಲಿದ್ದ ಒಬ್ಬರೇ ಕಪ್ಪು ಪ್ರತಿನಿಧಿ ಐಸಾಯಾ. ಕಪ್ಪು ಜನರ ಮತದ ಹಕ್ಕು ಕಿತ್ತುಕೊಳ್ಳುವ ನಿಯಮಕ್ಕೆ ಅವರೂ ಕೈಯೆತ್ತಿದರು. ಊರು ಉಳಿಸಿಕೊಳ್ಳಲು ಹಾಗೆ ಮಾಡಿದರು ಎನ್ನುವವರಿದ್ದಾರೆ. ನನಗೆ ಆ ಸಮಾಧಾನ ಸಾಲದು. ಅದರ ಬೆಲೆಯನ್ನು ಇಡೀ ರಾಜ್ಯದ ಕಪ್ಪು ಜನ ತೆತ್ತರು.

ಆದರೂ ಸ್ವಂತ ನೆಲ ಏನೆಲ್ಲ ಕೊಟ್ಟಿತು ನೋಡಿ. ಬೇರೆ ಕಡೆ ಎಷ್ಟೋ ಆಸ್ಪತ್ರೆಗಳಲ್ಲಿ ಕಪ್ಪು ರೋಗಿಗಳಿಗೆ ಆಗ ಹಿಂಬಾಗಿಲೇ ಗತಿಯಾಗಿತ್ತು. 1942ರಲ್ಲಿ ಇಲ್ಲಿ ಟೇಬೋರಿಯನ್ ಆಸ್ಪತ್ರೆ ತೆರೆಯಿತು. ಕಪ್ಪು ಜನರೇ ಒಬ್ಬರಿಗೊಬ್ಬರು ನೆರವಾಗಲು ಕಟ್ಟಿಕೊಂಡಿದ್ದ ಟೇಬರ್ ಸಂಘದ ಸದಸ್ಯರು, ಹೆಚ್ಚಿನವರು ಬಡ ಗೇಣಿದಾರರು, ಚಿಲ್ಲರೆ ಚಂದಾ ಕೂಡಿಸಿ ಕಟ್ಟಿದ್ದು. ಒಳಗೆ ಆಪರೇಷನ್ ಥಿಯೇಟರ್, ಎಕ್ಸ್-ರೇ, ಕಪ್ಪು ಡಾಕ್ಟರುಗಳು, ಕಪ್ಪು ನರ್ಸುಗಳು. ಎಲ್ಲರೂ ನಡೆದು ಬರುತ್ತಿದ್ದದ್ದು ಮುಂಬಾಗಿಲಿಂದ.

ಹತ್ತಿರದ ರೂಲ್‌ವಿಲ್‌ನ ಬಳಿ ಫ್ಯಾನಿ ಲೂ ಹೇಮರ್ 18 ವರ್ಷ ಬಿಳಿಯರ ಜಮೀನಿನಲ್ಲಿ ದುಡಿದಿದ್ದರು. 1962ರಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೋದದ್ದೇ ತಪ್ಪಾಯಿತು, ಆ ದಿನವೇ ಅವರನ್ನು ಹೊರಗೆ ಹಾಕಿದರು. ಮುಂದೆ ಮತದ ಹಕ್ಕಿನ ಹೋರಾಟದಲ್ಲಿ ದೊಡ್ಡ ಹೆಸರಾದ ಅವರು 1977ರಲ್ಲಿ ತೀರಿಕೊಂಡದ್ದು ಮೌಂಡ್ ಬೇಯೂ ಆಸ್ಪತ್ರೆಯಲ್ಲಿ.