ಪೈಪಿಗೆ ಅಯಸ್ಕಾಂತ ಕಟ್ಟಿದರೆ ಮೈಲೇಜ್ ಏರುತ್ತದೆಯೇ?

ಪೆಟ್ರೋಲ್ ಪೈಪಿಗೆ ಕಟ್ಟುವ ಅಯಸ್ಕಾಂತವನ್ನು ಮಾರುವವರ ವಾದ ಹೆಚ್ಚುಕಡಿಮೆ ಒಂದೇ: ಇಂಧನದ ಅಣುಗಳು ಗುಂಪುಗೂಡಿರುತ್ತವೆ, ಅಯಸ್ಕಾಂತ ಅವನ್ನು ಬಿಡಿಸುತ್ತದೆ, ಆಗ ಇಂಧನ ಪೂರ್ತಿ ಉರಿದು ಮೈಲೇಜ್ ಶೇ 20–30ರಷ್ಟು ಏರುತ್ತದೆ. ಈ ವಾದದ ಕೊನೆಯ ತುಂಡನ್ನೇ ಮೊದಲು ನೋಡಬೇಕು. ಸುಸ್ಥಿತಿಯಲ್ಲಿರುವ ಇಂದಿನ ಎಂಜಿನ್‌ನಲ್ಲಿ ಒಳಹೋದ ಪೆಟ್ರೋಲಿನ ಶೇ 97ರಷ್ಟಾದರೂ ಉರಿದೇ ಹೋಗುತ್ತದೆ. ಮಿಕ್ಕದ್ದನ್ನೂ ಉರಿಸಿದರೆ ಸಿಗುವ ಲಾಭ ಶೇ 2–3 ಮಾತ್ರ. ಶೇ 20 ಬರಲು ಅಲ್ಲಿ ಪೆಟ್ರೋಲೇ ಉಳಿದಿರುವುದಿಲ್ಲ.

ಪೆಟ್ರೋಲಿನ ಶಕ್ತಿಯಲ್ಲಿ ಹೆಚ್ಚಿನ ಪಾಲು ಚಕ್ರ ಮುಟ್ಟುವುದಿಲ್ಲ ಎಂಬುದು ನಿಜ. ಆದರೆ ಅದು ಉರಿಯದೆ ಉಳಿದದ್ದಲ್ಲ, ಉರಿದು ಶಾಖವಾಗಿ ಸೈಲೆನ್ಸರ್ ಮತ್ತು ರೇಡಿಯೇಟರ್ ಮೂಲಕ ಹೊರಹೋದದ್ದು. ಮಾರಾಟಗಾರರು ಈ ಎರಡನ್ನೂ ಬೆರೆಸಿ ಹೇಳುತ್ತಾರೆ. ಜನ ಮೋಸಹೋಗುವುದು ಇಲ್ಲಿಯೇ.

ಉಳಿದ ಸಾಧನಗಳ ಕಥೆಯೂ ಬೇರೆಯಲ್ಲ. ಎಂಜಿನ್‌ಗೆ ಹೆಚ್ಚು ಗಾಳಿ ಬಿಡುವ ವಾಲ್ವ್ ಹಾಕಿದರೆ ಆಕ್ಸಿಜನ್ ಸೆನ್ಸರ್ ಅದನ್ನು ಗುರುತಿಸುತ್ತದೆ, ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ (ಇಸಿಯು) ಗಾಳಿ–ಪೆಟ್ರೋಲ್ ಪ್ರಮಾಣವನ್ನು ಮತ್ತೆ 14.7ಕ್ಕೆ 1ರ ಸುತ್ತ ತಂದು ನಿಲ್ಲಿಸುತ್ತದೆ. ನೀರಿನಿಂದ ಹೈಡ್ರೋಜನ್ ತೆಗೆಯುವ ಕಿಟ್‌ಗೆ ಕರೆಂಟ್ ಕೊಡುವುದು ಗಾಡಿಯ ವಿದ್ಯುತ್ ತಯಾರಿಸುವ ಆಲ್ಟರ್ನೇಟರ್, ಅದನ್ನು ತಿರುಗಿಸುವುದು ಅದೇ ಎಂಜಿನ್. ನೀರನ್ನು ಒಡೆಯಲು ಹೋದಷ್ಟು ಶಕ್ತಿ ಹೈಡ್ರೋಜನ್ ಉರಿದಾಗ ವಾಪಸ್ ಬರುವುದಿಲ್ಲ. ಗಾಡಿಯ ದೋಷ ಪತ್ತೆಗೆಂದು ಇರುವ ಓಬಿಡಿ ಸಾಕೆಟ್‌ಗೆ ಚುಚ್ಚುವ ಅಗ್ಗದ ಡಬ್ಬಿಗಳನ್ನು ಬಿಚ್ಚಿ ನೋಡಿದವರಿಗೆ ಸಿಕ್ಕಿದ್ದು ದೀಪ ಮಿನುಗಿಸುವ ಸಣ್ಣ ಚಿಪ್. ಇಸಿಯು ಜೊತೆ ಮಾತಾಡಬೇಕಾದರೆ ಮಾಹಿತಿ ಸಾಗಿಸುವ 6 ಮತ್ತು 14ನೇ ಪಿನ್‌ಗಳ ಹಿಂದೆ ಅದಕ್ಕೆ ತಕ್ಕ ಸರ್ಕ್ಯೂಟ್ ಇರಬೇಕು, ಅದೇ ಇರಲಿಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಥ 100ಕ್ಕೂ ಹೆಚ್ಚು ಸಾಧನಗಳನ್ನು ಪರಿಶೀಲಿಸಿದೆ. ಹೇಳಿಕೊಳ್ಳುವಂಥ ಉಳಿತಾಯ ಯಾವುದರಲ್ಲೂ ಕಂಡಿಲ್ಲ.

ಹಾಗಿದ್ದರೂ “ನನಗೆ ಮೈಲೇಜ್ ಹೆಚ್ಚಾಯಿತು” ಎನ್ನುವವರು ಸುಳ್ಳು ಹೇಳುತ್ತಿಲ್ಲ. ತಪ್ಪುವುದು ಅಳತೆ. ಸ್ಕೂಟರ್ 250 ಕಿ.ಮೀ. ಓಡಿ 5 ಲೀಟರ್ ಹಿಡಿದರೆ ಲೀಟರಿಗೆ 50. ಪಂಪಿನ ನಳಿಕೆ ಬೇಗ ಕಟ್ ಆಗಿ 300 ಮಿ.ಲೀ. ಕಡಿಮೆ ಬಿತ್ತೆನ್ನಿ, ಲೆಕ್ಕ 53ಕ್ಕೆ ಏರುತ್ತದೆ. ಏನನ್ನೂ ಕಟ್ಟದೆಯೇ ಶೇ 6ರ ಏರಿಕೆ! ಜೊತೆಗೆ ಹೊಸ ಸಾಧನ ಹಾಕಿಸಿದವರು ಆಕ್ಸಿಲರೇಟರನ್ನು ಮೆಲ್ಲಗೆ ತಿರುಗಿಸುತ್ತಾರೆ, ಟೈರ್ ಗಾಳಿ ನೋಡಿಸುತ್ತಾರೆ, ಅದೇ ದಿನ ಏರ್ ಫಿಲ್ಟರನ್ನೂ ಬದಲಿಸಿರುತ್ತಾರೆ.

ಸರಿಯಾಗಿ ಪರೀಕ್ಷಿಸಬೇಕೆಂದರೆ ಒಂದು ಟ್ಯಾಂಕ್ ಸಾಲದು. ಒಂದೇ ಪಂಪ್, ಗಾಡಿ ಒಂದೇ ರೀತಿ ನಿಂತಿರಬೇಕು, ನಳಿಕೆ ಮೊದಲ ಸಲ ಕಟ್ ಆದಲ್ಲಿಗೆ ನಿಲ್ಲಿಸಬೇಕು. ಟೈರ್ ತಣ್ಣಗಿರುವಾಗ ಗಾಳಿ ಸರಿಮಾಡಿಕೊಳ್ಳಿ. ಕನಿಷ್ಠ ಐದು ಟ್ಯಾಂಕ್ ಸಾಧನದೊಂದಿಗೆ, ಐದು ಸಾಧನವಿಲ್ಲದೆ ಓಡಿಸಿ. ಎರಡನ್ನೂ ಅದಲುಬದಲು ಮಾಡುತ್ತಿರಿ. ಪ್ರತಿ ಸಲದ ಅಂಕಿಯನ್ನು ಸರಾಸರಿ ಮಾಡದೆ, ಒಟ್ಟು ಕಿಲೋಮೀಟರನ್ನು ಒಟ್ಟು ಲೀಟರಿನಿಂದ ಭಾಗಿಸಿ. ಎಲ್ಲಕ್ಕಿಂತ ಮುಖ್ಯ: ಸಾಧನ ಕಟ್ಟುವುದು, ಬಿಚ್ಚುವುದು ಬೇರೆಯವರ ಕೈಲಿರಲಿ, ಓಡಿಸುವವರಿಗೆ ಅದು ಇದೆಯೋ ಇಲ್ಲವೋ ತಿಳಿಯಬಾರದು.

ಈ ಕೊನೆಯ ಷರತ್ತಿಗೆ ಇನ್ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ. ದೇಹದ ‘ಕಾಂತಶಕ್ತಿ’ಯಿಂದ ರೋಗ ವಾಸಿಮಾಡುತ್ತೇವೆಂಬ ಜರ್ಮನ್ ವೈದ್ಯ ಮೆಸ್ಮರ್‌ನ ಪಂಥದ ಹೇಳಿಕೆಯನ್ನು 1784ರಲ್ಲಿ ಪ್ಯಾರಿಸ್‌ನಲ್ಲಿ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್, ರಸಾಯನಶಾಸ್ತ್ರಜ್ಞ ಲವಾಸಿಯೆ ಇದ್ದ ಸಮಿತಿ ಪರೀಕ್ಷಿಸಿತು. ತೋಟದ ಒಂದು ಮರಕ್ಕೆ ಮಾತ್ರ ಶಕ್ತಿ ತುಂಬಿಸಿ, ಹುಡುಗನೊಬ್ಬನನ್ನು ಕಣ್ಣುಕಟ್ಟಿ ಬೇರೆ ಮರಗಳ ಬಳಿ ಕರೆದೊಯ್ದರು. ನಾಲ್ಕನೆಯ ಮರದ ಹತ್ತಿರ ಅವನು ಮೂರ್ಛೆ ಬಿದ್ದ. ‘ಶಕ್ತಿ ತುಂಬಿದ’ ಮರ ಇನ್ನೂ ದೂರದಲ್ಲಿತ್ತು.

ನೋವಿಗೆ ಕಟ್ಟುವ ಅಯಸ್ಕಾಂತದ ಪಟ್ಟಿಗೂ ಇದೇ ಪರೀಕ್ಷೆ ಸಲ್ಲುತ್ತದೆ. ರಕ್ತದ ಕಬ್ಬಿಣವನ್ನು ಅದು ಸೆಳೆಯುತ್ತದೆ ಎಂಬುದು ಸುಳ್ಳು. ಹಿಮೋಗ್ಲೋಬಿನ್‌ನ ಕಬ್ಬಿಣ ಮೊಳೆಯ ಕಬ್ಬಿಣದಂತೆ ವರ್ತಿಸುವುದಿಲ್ಲ, ಆಕ್ಸಿಜನ್ ತುಂಬಿದ ರಕ್ತವನ್ನಂತೂ ಅಯಸ್ಕಾಂತ ಅತಿ ನವಿರಾಗಿ ದೂರ ತಳ್ಳುತ್ತದೆ. ಸೆಳೆಯುವುದೇ ನಿಜವಾಗಿದ್ದರೆ 1.5 ಟೆಸ್ಲಾದ (ಟೆಸ್ಲಾ ಕಾಂತಕ್ಷೇತ್ರದ ಬಲವನ್ನು ಅಳೆಯುವ ಮಾನ) ಎಂಆರ್‌ಐ ಯಂತ್ರದೊಳಗೆ ಮಲಗಿದವರ ಗತಿಯೇನು? ಆಸ್ಪತ್ರೆಗಳಲ್ಲಿ ಖಿನ್ನತೆಗೆ ಬಳಸುವ ಕಾಂತ ಚಿಕಿತ್ಸೆ ಬೇರೆಯೇ ಸಂಗತಿ; ಅಲ್ಲಿ ಕ್ಷಣಕ್ಷಣಕ್ಕೆ ಬದಲಾಗುವ ಪ್ರಬಲ ಕ್ಷೇತ್ರ ಮಿದುಳಿನಲ್ಲಿ ವಿದ್ಯುತ್ ಹರಿಸುತ್ತದೆ. ಮಣಿಕಟ್ಟಿನ ಪಟ್ಟಿಯಲ್ಲಿ ಹಾಗೇನೂ ಆಗುವುದಿಲ್ಲ.

ಆದರೂ ಆ ಪಟ್ಟಿ ಎಲ್ಲರಿಗೂ ನಿರಪಾಯಕಾರಿಯಲ್ಲ. ಹೃದಯದ ಬಡಿತವನ್ನು ಕಾಯುವ ಪೇಸ್‌ಮೇಕರ್ ಹಾಕಿಸಿಕೊಂಡವರು ಪ್ರಬಲ ಅಯಸ್ಕಾಂತವನ್ನು ಅದರಿಂದ ಕನಿಷ್ಠ 15 ಸೆಂ.ಮೀ. ದೂರವಿಡಬೇಕು. ಹತ್ತಿರ ಬಂದರೆ ಹೃದಯದ ಬಡಿತವನ್ನು ಗಮನಿಸದೆ ಒಂದೇ ಗತಿಯಲ್ಲಿ ಮಿಡಿಸುವ ಸ್ಥಿತಿಗೆ ಪೇಸ್‌ಮೇಕರ್ ಹೊರಳಬಹುದು. ಅಯಸ್ಕಾಂತದ ಹಾಸಿಗೆ, ಎದೆಗೆ ಕಟ್ಟುವ ಪಟ್ಟಿ ಅವರಿಗೆ ಬೇಡವೇ ಬೇಡ.