ಹಿಮಯುಗದ ಧೂಳು: ಒಂದೊಂದು ನಾಡಿಗೆ ಒಂದೊಂದು ಕಥೆ

ಹಿಮಯುಗ ಅಂದರೆ ಇಡೀ ಭೂಮಿ ಹೆಪ್ಪುಗಟ್ಟಿತ್ತು ಅಂದುಕೊಳ್ಳುವವರೇ ಜಾಸ್ತಿ. ಹಾಗೇನೂ ಇರಲಿಲ್ಲ. ಸುಮಾರು 21 ಸಾವಿರ ವರ್ಷಗಳ ಹಿಂದೆ ಚಳಿ ವಿಪರೀತವಾಗಿದ್ದಾಗ ಎಷ್ಟೋ ನಾಡುಗಳು ಒಣಗಿದ್ದವು, ಗಾಳಿಯಲ್ಲಿ ಧೂಳು ತುಂಬಿತ್ತು. ಆದರೆ ಆ ಧೂಳು ಎಲ್ಲ ಕಡೆ ಒಂದೇ ಸಮ ಇರಲಿಲ್ಲ.

ಇದರ ಮೊದಲ ಸುಳಿವು ಸಿಕ್ಕಿದ್ದು ಉತ್ತರ ಚೀನಾದ ಹಳದಿ ಮಣ್ಣಿನಲ್ಲಿ. ಕೆಲವೆಡೆ ಅದು ನೂರು ಮೀಟರಿಗೂ ಹೆಚ್ಚು ದಪ್ಪ. ಜನ ಅದನ್ನೇ ಕೊರೆದು ಮನೆ ಮಾಡಿಕೊಂಡಿದ್ದಾರೆ. ಇದನ್ನು ತಂದು ಸುರಿದದ್ದು ಗಾಳಿ ಎಂದು 1870ರ ದಶಕದಲ್ಲಿ ವಾದಿಸಿದವರು ಜರ್ಮನಿಯ ಭೂವಿಜ್ಞಾನಿ ಫರ್ಡಿನಾಂಡ್ ಫಾನ್ ರಿಖ್ತ್‌ಹೋಫೆನ್. ಮುಂದೆ ಚೀನಾದ ಭೂವಿಜ್ಞಾನಿ ಲಿಯು ತುಂಗ್‌ಶೆಂಗ್ ಮತ್ತು ಸಂಗಡಿಗರು ಅದರ ಪದರಗಳನ್ನು ಓದಿದರು. ತಿಳಿ ಹಳದಿ ಪದರಗಳು ಮತ್ತೆ ಮತ್ತೆ ಬಂದ ಹಿಮಯುಗಗಳವು, ಕೆಂಪು ಛಾಯೆಯವು ನಡುನಡುವೆ ಮಳೆ ಚೆನ್ನಾಗಿದ್ದ ಬೆಚ್ಚಗಿನ ಕಾಲದವು. ಹೀಗೆ ಸುಮಾರು 26 ಲಕ್ಷ ವರ್ಷಗಳ ಲೆಕ್ಕ ಅಲ್ಲಿದೆ.

ಆಮೇಲೆ ಅಂಟಾರ್ಕ್ಟಿಕದ ಮಂಜುಗಡ್ಡೆ ಕೊರೆದರು. ಹಿಮಯುಗದ ಪದರಗಳಲ್ಲಿ ಧೂಳು ಬೆಚ್ಚಗಿನ ಕಾಲಕ್ಕಿಂತ 25 ಪಟ್ಟಿನಷ್ಟು ಜಾಸ್ತಿ! ಎಲ್ಲಿಂದ ಬಂತು? ಒಂದೊಂದು ನಾಡಿನ ಕಲ್ಲಿನಲ್ಲಿ ಸ್ಟ್ರಾನ್ಷಿಯಂ, ನಿಯೋಡಿಮಿಯಂ ಐಸೊಟೋಪ್‌ಗಳ (ಒಂದೇ ಧಾತುವಿನ, ತೂಕ ಬೇರೆಯಾದ ಪರಮಾಣುಗಳ) ಪ್ರಮಾಣ ಒಂದೊಂದು ಥರ. ಕಲ್ಲು ಪುಡಿಯಾಗಿ ಸಾವಿರಾರು ಕಿಲೋಮೀಟರ್ ಹಾರಿದರೂ ಆ ಗುರುತು ಅಳಿಯುವುದಿಲ್ಲ. ಅದು ಬಹುಪಾಲು ದಕ್ಷಿಣ ಅಮೆರಿಕದ ಪ್ಯಾಟಗೋನಿಯಾ ಕಡೆಗೆ ಬೆರಳು ತೋರಿಸಿತು. ಅಲ್ಲಿನ ಹಿಮನದಿಗಳು ಬಂಡೆಯನ್ನು ನುಣ್ಣಗೆ ಅರೆದು ಬಯಲಿಗೆ ಚೆಲ್ಲುತ್ತಿದ್ದವು, ಗಾಳಿ ಎತ್ತಿಕೊಂಡು ಹೋಗುತ್ತಿತ್ತು. ಗ್ರೀನ್‌ಲ್ಯಾಂಡಿನ ಹಿಮಯುಗದ ಧೂಳು ಮಾತ್ರ ಹೆಚ್ಚಾಗಿ ಪೂರ್ವ ಏಷ್ಯಾದ ಮರುಭೂಮಿಗಳದ್ದು ಎಂದು 1997ರ ಅಧ್ಯಯನ ಹೇಳಿತು. ಹತ್ತಿರದ ಸಹಾರಾ ಬಿಟ್ಟು ಅಷ್ಟು ದೂರದಿಂದ!

ಸಮಭಾಜಕದ ಬಳಿ ಪೆಸಿಫಿಕ್ ಸಾಗರದಲ್ಲಿ ಧೂಳಿನ ಹೆಚ್ಚಳ ಸುಮಾರು ಎರಡೂವರೆ ಪಟ್ಟು ಅಷ್ಟೇ. ಅಮೆರಿಕದ ಯೂಟಾದಲ್ಲಂತೂ ಈಗ ಉಪ್ಪಿನ ಬಯಲಾಗಿರುವ ಜಾಗದಲ್ಲಿ ಬಾನವಿಲ್ ಎಂಬ ದೊಡ್ಡ ಸರೋವರವೇ ಇತ್ತು. ಹಿಮಯುಗವೆಂದರೆ ಬರಗಾಲ ಅಂತ ಒಂದೇ ಮಾತಿನಲ್ಲಿ ಹೇಳಿ ಮುಗಿಸೋಕೆ ಆಗಲ್ಲ, ಅಲ್ವಾ?

ನಮ್ಮ ಕಡೆ ಮುಂಗಾರು ಸೊರಗಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು ನೀಲಗಿರಿಯ ಜೌಗು ಮಣ್ಣಿನ ಇಂಗಾಲ ಪರೀಕ್ಷಿಸಿ 1993ರಲ್ಲಿ ಇದನ್ನು ತೋರಿಸಿದರು. ಆ ಇಂಗಾಲದ ಪ್ರಕಾರ, ಒಣ ಹವೆಗೆ ಒಗ್ಗುವ ಹುಲ್ಲು ಆಗ ಅಲ್ಲಿ ಹಬ್ಬಿತ್ತು.

ನನಗೆ ತುಂಬ ಅಚ್ಚರಿ ತಂದದ್ದು ಥಾರ್ ಮರುಭೂಮಿ. ಮರಳಿನ ಕಣ ಕೊನೆಯ ಸಲ ಬಿಸಿಲು ಕಂಡದ್ದು ಯಾವಾಗ ಎಂದು ಅಳೆಯುವ ವಿಧಾನವಿದೆ. ಅಲ್ಲಿನ ದಿಣ್ಣೆಗಳನ್ನು ಹಾಗೆ ಪರೀಕ್ಷಿಸಿದಾಗ, ಚಳಿ ಹೆಚ್ಚಿದ್ದ ಕಾಲದಲ್ಲಿ ಅವು ಅಷ್ಟಾಗಿ ಬೆಳೆದಿರಲಿಲ್ಲ ಎಂದು ಗೊತ್ತಾಯಿತು. ನೆಲ ಒಣಗಿತ್ತು ನಿಜ, ಆದರೆ ಮರಳು ಹೊರುವುದು ಮುಂಗಾರಿನ ನೈಋತ್ಯ ಗಾಳಿಯೇ. ಅದೇ ಬಲ ಕಳೆದುಕೊಂಡಿತ್ತು. ಮುಂಗಾರು ಮತ್ತೆ ಚೇತರಿಸಿಕೊಳ್ಳುವಾಗ, ಮಳೆ ಇನ್ನೂ ಸಾಲದೆ ಗಾಳಿ ಮಾತ್ರ ಜೋರಾದ ಹೊತ್ತಿನಲ್ಲಿ, ದಿಣ್ಣೆಗಳು ಎದ್ದವು.