ಓದುಗರ ಪ್ರಶ್ನೆ: ಒಂದು ಸೆಮಿಸ್ಟರ್ ವಿದೇಶದಲ್ಲಿ ಓದಿ ಬಂದರೆ ಎಂಜಿನಿಯರಿಂಗ್ ಪದವಿ ತಡವಾಗುತ್ತದೆಯೇ?

ಪ್ರಶ್ನೆ: ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದೇನೆ. ನಮ್ಮ ಕಾಲೇಜಿಗೂ ವಿದೇಶದ ಒಂದು ವಿಶ್ವವಿದ್ಯಾಲಯಕ್ಕೂ ಒಪ್ಪಂದವಿದೆ. ಒಂದು ಸೆಮಿಸ್ಟರ್ ಅಲ್ಲಿ ಓದಿದರೆ ಆ ಕ್ರೆಡಿಟ್‌ಗಳು ಇಲ್ಲಿ ಲೆಕ್ಕಕ್ಕೆ ಬರುತ್ತವೆಯೇ? ಇಲ್ಲ, ವಾಪಸ್ ಬಂದು ಅದೇ ವಿಷಯಗಳನ್ನು ಮತ್ತೆ ಓದಬೇಕಾಗುತ್ತದೆಯೇ?

ಉತ್ತರ: ಲೆಕ್ಕಕ್ಕೆ ಬರುತ್ತವೆ, ಆದರೆ ತಾವಾಗಿ ಬರುವುದಿಲ್ಲ. ಎರಡು ಸಂಸ್ಥೆಗಳ ನಡುವೆ ಒಪ್ಪಂದವಿದೆ ಎಂದರೆ ನಿಮಗೆ ಅಲ್ಲಿ ಸೀಟು ಸಿಗುತ್ತದೆ. ಸಾಮಾನ್ಯವಾಗಿ ಅಲ್ಲಿಯ ಬೋಧನಾ ಶುಲ್ಕ ಇರುವುದಿಲ್ಲ, ನಿಮ್ಮ ಕಾಲೇಜಿನ ಶುಲ್ಕವನ್ನೇ ಎಂದಿನಂತೆ ಕಟ್ಟುತ್ತೀರಿ. ಒಪ್ಪಂದದ ವ್ಯಾಪ್ತಿ ಬಹುಪಾಲು ಇಷ್ಟೇ. ಅಲ್ಲಿಯ ಯಾವ ವಿಷಯ ಇಲ್ಲಿಯ ಯಾವ ವಿಷಯಕ್ಕೆ ಸಮ ಎಂಬುದನ್ನು ತೀರ್ಮಾನಿಸುವುದು ನಿಮ್ಮ ವಿಭಾಗ. ಆ ತೀರ್ಮಾನ ಒಂದೊಂದು ವಿಷಯಕ್ಕೂ ಬೇರೆಬೇರೆಯಾಗಿ, ಬರವಣಿಗೆಯಲ್ಲಿ, ಸಹಿಯೊಂದಿಗೆ, ನೀವು ವಿಮಾನ ಹತ್ತುವ ಮೊದಲೇ ಕೈಯಲ್ಲಿರಬೇಕು. ಅಲ್ಲಿ ಚೆನ್ನಾಗಿ ಪಾಸಾಗಿಯೂ ಸೆಮಿಸ್ಟರ್ ಕಳೆದುಕೊಳ್ಳುವವರಲ್ಲಿ ಹೆಚ್ಚಿನವರು “ಬಂದ ಮೇಲೆ ನೋಡೋಣ” ಎಂಬ ಬಾಯಿಮಾತನ್ನು ನಂಬಿ ಹೋದವರು.

ಇಲ್ಲೊಂದು ತಪ್ಪುಕಲ್ಪನೆ ಬಹಳ ಹರಡಿದೆ. 1989ರಲ್ಲಿ ಆರು ದೇಶಗಳ ಸಂಸ್ಥೆಗಳು ಸೇರಿ ಮಾಡಿಕೊಂಡ ವಾಷಿಂಗ್ಟನ್ ಅಕಾರ್ಡ್‌ನಲ್ಲಿ ಎರಡೂ ದೇಶಗಳಿದ್ದರೆ ಕ್ರೆಡಿಟ್ ತಂತಾನೆ ವರ್ಗವಾಗುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಆ ಅಕಾರ್ಡ್ ಮಾನ್ಯತೆ ಪಡೆದ ಇಡೀ ಪದವಿ ಕಾರ್ಯಕ್ರಮಗಳನ್ನು ಪರಸ್ಪರ ಸಮವೆಂದು ಒಪ್ಪುವುದಕ್ಕೆ ಇರುವಂಥದ್ದು. ನಡುವೆ ಓದಿದ ಒಂದು ಹೀಟ್ ಟ್ರಾನ್ಸ್‌ಫರ್ ಪೇಪರ್‌ಗೂ ಅದಕ್ಕೂ ಸಂಬಂಧವಿಲ್ಲ.

ಕ್ರೆಡಿಟ್ ಲೆಕ್ಕ

ಸಂಖ್ಯೆಗೆ ಸಂಖ್ಯೆ ಹೋಲಿಸಬೇಡಿ. ಯುರೋಪಿನಲ್ಲಿ ನಡೆಯುವುದು ಇಸಿಟಿಎಸ್ (ಯುರೋಪಿನ ಕ್ರೆಡಿಟ್ ವರ್ಗಾವಣೆ ಪದ್ಧತಿ) ಲೆಕ್ಕ. 1987ರಲ್ಲಿ ಆರಂಭವಾದ, ಎರಾಸ್ಮಸ್ ಎಂಬ ಯುರೋಪಿನ ವಿದ್ಯಾರ್ಥಿ ವಿನಿಮಯ ಯೋಜನೆಯೊಳಗೇ 1989ರಲ್ಲಿ ಹುಟ್ಟಿಕೊಂಡ ಪದ್ಧತಿ ಇದು. ಪೂರ್ಣಾವಧಿ ಓದಿನ ಒಂದು ವರ್ಷಕ್ಕೆ 60 ಕ್ರೆಡಿಟ್, ಒಂದು ಸೆಮಿಸ್ಟರ್‌ಗೆ 30. ಒಂದು ಕ್ರೆಡಿಟ್ ಎಂದರೆ ವಿದ್ಯಾರ್ಥಿಯ 25ರಿಂದ 30 ಗಂಟೆಗಳ ದುಡಿಮೆ. ತರಗತಿ, ಲ್ಯಾಬ್, ಅಸೈನ್‌ಮೆಂಟ್, ಕೋಣೆಯಲ್ಲಿ ಕೂತು ಓದಿದ್ದು, ಪರೀಕ್ಷೆಯ ತಯಾರಿ ಎಲ್ಲವೂ ಅದರೊಳಗೇ ಸೇರಿದೆ. ಬ್ರಿಟನ್ನಿನಲ್ಲಿ ವರ್ಷಕ್ಕೆ 120 ಕ್ರೆಡಿಟ್, ಹಾಗಾಗಿ ಅಲ್ಲಿಯ ಎರಡು ಒಂದು ಇಸಿಟಿಎಸ್‌ಗೆ ಸಮ. ಅಮೆರಿಕದಲ್ಲಿ ಸೆಮಿಸ್ಟರ್‌ಗೆ ಸಾಮಾನ್ಯವಾಗಿ 15 ಕ್ರೆಡಿಟ್, ಅಂದರೆ ಅಲ್ಲಿಯ ಒಂದು ಸುಮಾರು ಎರಡು ಇಸಿಟಿಎಸ್. ಇನ್ನು ಹಲವು ದೇಶಗಳಲ್ಲಿ ಕ್ರೆಡಿಟ್ ಎಂದರೆ ವಾರಕ್ಕೆ ತರಗತಿಯಲ್ಲಿ ಕೂರುವ ಗಂಟೆ ಮಾತ್ರ, ಮನೆಯ ಓದು ಅದರಲ್ಲಿಲ್ಲ.

ಆದ್ದರಿಂದ ಹೋಲಿಸಬೇಕಾದದ್ದು ಒಂದು ಪೂರ್ತಿ ಸೆಮಿಸ್ಟರ್‌ನಲ್ಲಿ ಆ ವಿಷಯದ ಪಾಲು ಎಷ್ಟು ಎಂಬುದನ್ನು. ನಿಮ್ಮಲ್ಲಿ ಸೆಮಿಸ್ಟರ್‌ಗೆ 20 ಕ್ರೆಡಿಟ್ ಇದೆ ಎಂದುಕೊಳ್ಳಿ. 20 ಎಂದರೆ ಯುರೋಪಿನ 30. ಅಂದರೆ ನಿಮ್ಮ ಒಂದು ಕ್ರೆಡಿಟ್ ಅಲ್ಲಿಯ 1.5. ನಿಮ್ಮ 4 ಕ್ರೆಡಿಟ್‌ನ ವಿಷಯಕ್ಕೆ ಅಲ್ಲಿ 6 ಇಸಿಟಿಎಸ್ ಬೇಕು. ಆದರೆ ಅಲ್ಲಿ ಅದೇ ವಿಷಯ 5 ಇಸಿಟಿಎಸ್‌ಗೆ ಇದ್ದರೆ? ಭಾಗಿಸಿ ನೋಡಿದರೆ 3.33 ಬರುತ್ತದೆ. ಪಠ್ಯವೆಲ್ಲ ಒಂದೇ ಆಗಿದ್ದರೂ 0.67 ಕ್ರೆಡಿಟ್ ಕೊರತೆ. ಈ ಚೂರು ಕೊರತೆಯನ್ನು ಯಾರೂ ಮೊದಲು ಗಮನಿಸುವುದಿಲ್ಲ. ಅಂತಿಮ ವರ್ಷದಲ್ಲಿ ಒಟ್ಟು ಕ್ರೆಡಿಟ್ ಕೂಡಿಸುವಾಗ ಒಂದೋ ಎರಡೋ ಕಡಿಮೆ ಬಿದ್ದು, ಅದಕ್ಕಾಗಿ ಒಂದು ಹೆಚ್ಚುವರಿ ವಿಷಯ ತೆಗೆದುಕೊಳ್ಳುವ ಪರಿಸ್ಥಿತಿ ಬರುತ್ತದೆ. ಪರಿಹಾರ ಸರಳ: ಅಲ್ಲಿಯ ಥಿಯರಿ ವಿಷಯದ ಜೊತೆಗೆ ಅದರ ಲ್ಯಾಬನ್ನೋ ಚಿಕ್ಕ ಪ್ರಾಜೆಕ್ಟನ್ನೋ ಸೇರಿಸಿ ಎರಡನ್ನೂ ಒಟ್ಟಾಗಿ ನಿಮ್ಮ ಒಂದು ವಿಷಯಕ್ಕೆ ಸಮವೆಂದು ಬರೆಸಿಕೊಳ್ಳಿ. ಇಲ್ಲವೇ ಕೊರತೆಯನ್ನು ವಿಭಾಗ ಮನ್ನಿಸುತ್ತದೆ ಎಂದು ಅದೇ ಕಾಗದದಲ್ಲಿ ಒಂದು ಸಾಲು ಸೇರಿಸಲು ಕೇಳಿ.

ವಿಷಯಗಳನ್ನು ಹೊಂದಿಸುವುದು

ಹೆಸರು ನೋಡಿ ಮೋಸಹೋಗಬೇಡಿ. ‘ಕಂಟ್ರೋಲ್ ಸಿಸ್ಟಮ್ಸ್’ ಎಂಬ ವಿಷಯ ಒಂದು ಕಡೆ ಟ್ರಾನ್ಸ್‌ಫರ್ ಫಂಕ್ಷನ್‌ನಿಂದ ಶುರುವಾಗಿ ಬೋಡೆ ಪ್ಲಾಟ್‌ಗೆ ಮುಗಿಯಬಹುದು. ಇನ್ನೊಂದು ಕಡೆ ಅದೆಲ್ಲ ಗೊತ್ತಿದೆ ಎಂದಿಟ್ಟುಕೊಂಡು ಮೊದಲ ವಾರವೇ ಸ್ಟೇಟ್ ಸ್ಪೇಸ್‌ಗೆ ಹಾರಬಹುದು. ನಿಮ್ಮ ವಿಭಾಗಕ್ಕೆ ತೋರಿಸಬೇಕಾದದ್ದು ಆ ವಿಶ್ವವಿದ್ಯಾಲಯದ ಮಾಡ್ಯೂಲ್ ಕೈಪಿಡಿಯ ಪುಟ. ಅಧ್ಯಾಯಗಳು, ಕಲಿಕೆಯ ಫಲಿತಗಳು, ಲ್ಯಾಬ್ ಗಂಟೆ, ಪರೀಕ್ಷೆಯ ವಿಧಾನ, ಮೊದಲೇ ಓದಿರಬೇಕಾದ ವಿಷಯಗಳು ಮತ್ತು ಯಾವ ವರ್ಷದ ಆವೃತ್ತಿ ಎಂಬುದು ಅದರಲ್ಲಿರಬೇಕು. ಎಡಕ್ಕೆ ನಿಮ್ಮ ಸಿಲಬಸ್, ಬಲಕ್ಕೆ ಅವರದು, ಯುನಿಟ್‌ಗೆ ಎದುರಾಗಿ ಯುನಿಟ್ ಹಾಕಿದ ಒಂದು ಪಟ್ಟಿಯನ್ನು ನೀವೇ ತಯಾರಿಸಿಕೊಂಡು ಹೋಗಿ. ವಿಭಾಗದ ಮುಖ್ಯಸ್ಥರ ಮುಂದೆ ನಲವತ್ತು ಪುಟದ ಕೈಪಿಡಿ ಇಟ್ಟರೆ ಅದು ಮೇಜಿನ ಮೇಲೇ ಉಳಿಯುತ್ತದೆ. ಒಂದು ಪುಟದ ಪಟ್ಟಿಯನ್ನಾದರೆ ಅವರು ಕೂತಲ್ಲೇ ಓದುತ್ತಾರೆ.

ಯಾವುದು ಸಲೀಸು, ಯಾವುದು ಕಷ್ಟ ಎಂಬುದಕ್ಕೂ ಒಂದು ಅಂದಾಜಿದೆ. ಗಣಿತ, ಫ್ಲೂಯಿಡ್ ಮೆಕ್ಯಾನಿಕ್ಸ್, ಸಿಗ್ನಲ್ಸ್, ಆಲ್ಗರಿದಮ್‌ಗಳಂಥ ವಿಷಯಗಳು ಎಲ್ಲಿ ಓದಿದರೂ ಹೆಚ್ಚುಕಡಿಮೆ ಅವೇ. ಕಾಂಕ್ರೀಟ್ ಅಥವಾ ಉಕ್ಕಿನ ಕಟ್ಟಡಗಳ ವಿನ್ಯಾಸ ಹಾಗಲ್ಲ. ಯುರೋಪಿನಲ್ಲಿ ಯುರೋಕೋಡ್, ಅಮೆರಿಕದಲ್ಲಿ ಎಸಿಐ 318, ಬೇರೆಡೆ ಅಲ್ಲಲ್ಲಿಯ ಸಂಹಿತೆ. ಸುರಕ್ಷತಾ ಗುಣಾಂಕದಿಂದ ಹಿಡಿದು ಕಂಬಿ ಲೆಕ್ಕದವರೆಗೆ ಎಲ್ಲವೂ ಸಂಹಿತೆಯ ಮೇಲೆ ನಿಂತಿರುವುದರಿಂದ ಅವನ್ನು ಸಮವೆಂದು ಒಪ್ಪಲು ವಿಭಾಗಗಳು ಹಿಂಜರಿಯುತ್ತವೆ. ಆ ಹಿಂಜರಿಕೆ ನ್ಯಾಯವಾದದ್ದೇ. ಸಿವಿಲ್‌ನವರು ವಿನ್ಯಾಸದ ವಿಷಯಗಳನ್ನು ತಮ್ಮ ಕಾಲೇಜಿನಲ್ಲೇ ಮುಗಿಸಿ, ಹೊರಗೆ ಜಿಯೋಟೆಕ್ನಿಕಲ್, ಹೈಡ್ರಾಲಿಕ್ಸ್, ಫೈನೈಟ್ ಎಲಿಮೆಂಟ್‌ನಂಥವನ್ನು ಓದುವುದು ಜಾಣತನ. ಎಲೆಕ್ಟಿವ್‌ಗಳಂತೂ ಎಲ್ಲಕ್ಕಿಂತ ಸುಲಭ, ಏಕೆಂದರೆ ಅಲ್ಲಿ ಪಠ್ಯ ಪಡಿಯಚ್ಚಿನಂತೆ ಹೊಂದಬೇಕೆಂಬ ಹಟ ಕಡಿಮೆ.

ಐದು ವಿಷಯ ಓದಬೇಕಿದ್ದರೆ ಎಂಟಕ್ಕೆ ಒಪ್ಪಿಗೆ ಪಡೆದುಕೊಂಡು ಹೋಗಿ. ಅಲ್ಲಿಗೆ ಹೋದ ಮೇಲೆ ಒಂದು ವಿಷಯ ಆ ಸೆಮಿಸ್ಟರ್‌ನಲ್ಲಿ ಇಲ್ಲವೇ ಇಲ್ಲ ಎಂದು ತಿಳಿಯುತ್ತದೆ. ಎರಡರ ವೇಳಾಪಟ್ಟಿ ಡಿಕ್ಕಿ ಹೊಡೆಯುತ್ತದೆ. ಲ್ಯಾಬ್ ಬ್ಯಾಚ್ ತುಂಬಿಹೋಗಿರುತ್ತದೆ. ಇವು ಅಪರೂಪವಲ್ಲ, ಪ್ರತಿ ಸಲ ನಡೆಯುವಂಥವು.

ಒಪ್ಪಿಗೆಯೆಲ್ಲ ಕೂಡುವ ಕಾಗದಕ್ಕೆ ಯುರೋಪಿನಲ್ಲಿ ಲರ್ನಿಂಗ್ ಅಗ್ರಿಮೆಂಟ್ ಎನ್ನುತ್ತಾರೆ. ಅದರಲ್ಲಿ ಮೂರು ಸಹಿ: ನಿಮ್ಮದು, ಕಳಿಸುವ ಸಂಸ್ಥೆಯದು, ಬರಮಾಡಿಕೊಳ್ಳುವ ಸಂಸ್ಥೆಯದು. ಅಲ್ಲಿ ಹೋಗಿ ವಿಷಯ ಬದಲಿಸಿದರೆ ಮತ್ತೆ ಮೂರೂ ಸಹಿ ಬೇಕು. ಬದಲಾವಣೆಗೆ ಅವಕಾಶ ಸೆಮಿಸ್ಟರ್‌ನ ಮೊದಲ ಕೆಲವು ವಾರ ಮಾತ್ರ. ಸಹಿಯಿಲ್ಲದೆ ಬದಲಿಸಿದ ವಿಷಯವೇ ಹೆಚ್ಚಾಗಿ ತಿರಸ್ಕಾರವಾಗುವುದು. ಯುರೋಪಿನ ಹೊರಗೆ ಈ ಹೆಸರಿನ ನಮೂನೆ ಇಲ್ಲದಿದ್ದರೆ ಅದೇ ಮಾದರಿಯ ಪತ್ರವನ್ನು ನೀವೇ ಟೈಪ್ ಮಾಡಿ ಸಹಿ ಹಾಕಿಸಿಕೊಳ್ಳಬಹುದು.

ಯಾವ ಸೆಮಿಸ್ಟರ್?

ಒಂದು ಹಾಳೆ ತೆಗೆದುಕೊಳ್ಳಿ. ಉಳಿದಿರುವ ಪ್ರತಿ ವಿಷಯಕ್ಕೂ ಒಂದು ಚೌಕ ಬರೆದು, ಯಾವುದು ಯಾವುದಕ್ಕೆ ಅಡಿಪಾಯವೋ ಅಲ್ಲಿಂದ ಬಾಣ ಎಳೆಯಿರಿ. ಹೆಚ್ಚು ಬಾಣಗಳು ಹೊರಡುವ ಚೌಕಗಳಿರುವ ಸೆಮಿಸ್ಟರ್‌ನಲ್ಲಿ ಹೊರಗೆ ಹೋಗಬೇಡಿ. ಅಂಥ ವಿಷಯ ವರ್ಷಕ್ಕೊಮ್ಮೆ ಮಾತ್ರ ನಡೆಯುವಂಥದ್ದಾಗಿದ್ದು, ಹೊರಗೆ ಅದು ಕೈತಪ್ಪಿದರೆ ಮುಂದಿನ ಮೂರು ವಿಷಯಗಳಿಗೆ ನೋಂದಣಿಯೇ ಸಿಗುವುದಿಲ್ಲ. ಪದವಿ ವರ್ಷಗಟ್ಟಲೆ ತಡವಾಗುವುದು ಹೀಗೆ. ನಾಲ್ಕು ವರ್ಷದ ಪದವಿಯಲ್ಲಿ ಸಾಮಾನ್ಯವಾಗಿ ಮೂರನೇ ವರ್ಷ ಅನುಕೂಲ. ಅಷ್ಟರಲ್ಲಿ ಅಡಿಪಾಯ ಮುಗಿದಿರುತ್ತದೆ, ಅಂತಿಮ ಪ್ರಾಜೆಕ್ಟ್ ಇನ್ನೂ ಶುರುವಾಗಿರುವುದಿಲ್ಲ.

ಕ್ಯಾಲೆಂಡರನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಜರ್ಮನಿಯ ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್‌ನಲ್ಲಿ ಆರಂಭವಾಗುತ್ತದೆ. ತರಗತಿ ಫೆಬ್ರವರಿಯಲ್ಲಿ ಮುಗಿದರೂ ಪರೀಕ್ಷೆಗಳು ಮಾರ್ಚ್‌ವರೆಗೆ ಎಳೆಯಬಹುದು. ಜಪಾನಿನ ಶೈಕ್ಷಣಿಕ ವರ್ಷ ಏಪ್ರಿಲ್‌ನಲ್ಲಿ ಶುರು. ಆಸ್ಟ್ರೇಲಿಯದ್ದು ಫೆಬ್ರವರಿಯ ಸುಮಾರಿಗೆ. ನಿಮ್ಮ ಮುಂದಿನ ಸೆಮಿಸ್ಟರ್ ಜನವರಿಯಲ್ಲಿ ಆರಂಭವಾಗುವುದಾದರೆ ಜರ್ಮನಿಯ ಚಳಿಗಾಲ ಅದರ ಮೇಲೆ ಏರಿ ಕೂರುತ್ತದೆ. “ಪರೀಕ್ಷೆ ಬೇಗ ಕೊಡಿ” ಎಂದು ಕೇಳಬಹುದು, ಆದರೆ ಅದನ್ನು ನಂಬಿಕೊಂಡು ಹೊರಡುವಂತಿಲ್ಲ.

ವೀಸಾ ಕೆಲಸಕ್ಕೆ ಹತ್ತು ಹನ್ನೆರಡು ತಿಂಗಳ ಮೊದಲೇ ಲೆಕ್ಕ ಹಾಕಿ. ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಿಗುವ ಷೆಂಗೆನ್ ಅಲ್ಪಾವಧಿ ವೀಸಾದಲ್ಲಿ ಇರಬಹುದಾದದ್ದು 180 ದಿನಗಳಲ್ಲಿ 90 ದಿನ. ಸೆಮಿಸ್ಟರ್ ಅದಕ್ಕಿಂತ ಉದ್ದ, ಆದ್ದರಿಂದ ಆಯಾ ದೇಶದ ದೀರ್ಘಾವಧಿ ವೀಸಾ ಬೇಕು. ಅಮೆರಿಕಕ್ಕೆ ವಿನಿಮಯ ವಿದ್ಯಾರ್ಥಿಗಳು ಸಾಮಾನ್ಯವಾಗಿ ಹೋಗುವುದು ಜೆ-1 ವೀಸಾದಲ್ಲಿ. ಅಲ್ಲಿಯ ಸಂಸ್ಥೆ ಡಿಎಸ್-2019 ಎಂಬ ಪತ್ರ ಕಳಿಸುವವರೆಗೆ ಅರ್ಜಿ ಮುಂದೆ ಸಾಗುವುದಿಲ್ಲ.

ತರಗತಿಯೊಳಗೆ ಎಡವಿಸುವ ಚಿಕ್ಕ ಸಂಗತಿಗಳು

ಇವನ್ನು ಯಾವ ಮಾಹಿತಿ ಪುಸ್ತಿಕೆಯೂ ಹೇಳುವುದಿಲ್ಲ, ಆದರೆ ಮೊದಲ ತಿಂಗಳ ಅಂಕಗಳು ಸೋರಿಹೋಗುವುದು ಇಲ್ಲೇ. ಜರ್ಮನಿಯಲ್ಲಿ ವೋಲ್ಟೇಜ್‌ಗೆ ‘ವಿ’ ಬದಲು ‘ಯು’ ಅಕ್ಷರ ಬರೆಯುತ್ತಾರೆ. ದಶಮಾಂಶಕ್ಕೆ ಚುಕ್ಕಿಯ ಬದಲು ಅಲ್ಪವಿರಾಮ. ಅಲ್ಲಿ 1.250 ಎಂದು ಬರೆದಿದ್ದರೆ ಅದು ಒಂದೂಕಾಲು ಅಲ್ಲ, ಸಾವಿರದ ಇನ್ನೂರ ಐವತ್ತು. ಫ್ರಾನ್ಸಿನಲ್ಲಿ ಲಾಪ್ಲಾಸ್ ಚರಕ್ಕೆ ‘ಎಸ್’ ಬದಲು ‘ಪಿ’ ಕಾಣುತ್ತದೆ. ಥರ್ಮೋಡೈನಮಿಕ್ಸ್‌ನಲ್ಲಿ ವ್ಯವಸ್ಥೆ ಮಾಡಿದ ಕೆಲಸ ಧನವೋ, ವ್ಯವಸ್ಥೆಯ ಮೇಲೆ ಆದ ಕೆಲಸ ಧನವೋ ಎಂಬುದು ಪುಸ್ತಕದಿಂದ ಪುಸ್ತಕಕ್ಕೆ ಬದಲಾಗುತ್ತದೆ. ಮೊದಲ ನಿಯಮದ ಸಮೀಕರಣದಲ್ಲಿ ಕೂಡುವ ಚಿಹ್ನೆ ಕಂಡರೆ ಗಾಬರಿಯಾಗಬೇಡಿ, ಯಾವ ಸಂಪ್ರದಾಯ ಎಂದು ಮಾತ್ರ ನೋಡಿ.

ಮೆಕ್ಯಾನಿಕಲ್‌ನವರಿಗೆ ದೊಡ್ಡ ಕಂಟಕ ಡ್ರಾಯಿಂಗ್. ಯುರೋಪಿನಲ್ಲಿ ರೂಢಿಯಲ್ಲಿರುವುದು ಫಸ್ಟ್ ಆ್ಯಂಗಲ್, ಅಮೆರಿಕ ಮತ್ತು ಜಪಾನಿನಲ್ಲಿ ಥರ್ಡ್ ಆ್ಯಂಗಲ್. ಮೊದಲನೆಯದರಲ್ಲಿ ಮೇಲಿನಿಂದ ನೋಡಿದ ಚಿತ್ರ ಮುಂಭಾಗದ ಚಿತ್ರದ ಕೆಳಗೆ ಬರುತ್ತದೆ, ಎರಡನೆಯದರಲ್ಲಿ ಅದರ ಮೇಲೆಯೇ ಬರುತ್ತದೆ. ಎಡ ಬಲಗಳೂ ಹಾಗೆಯೇ ಅದಲುಬದಲು. ಯಾವ ಪದ್ಧತಿ ಎಂದು ಹೇಳಲು ಟೈಟಲ್ ಬ್ಲಾಕ್‌ನಲ್ಲಿ ತುದಿ ಕತ್ತರಿಸಿದ ಶಂಕುವಿನ ಗುರುತು ಇರುತ್ತದೆ. ಅದನ್ನು ನೋಡದೆ ವರ್ಕ್‌ಶಾಪ್‌ಗೆ ಇಳಿದರೆ ತೂತು ಆಚೆ ಬದಿಗೆ ಬೀಳುತ್ತದೆ.

ಪರೀಕ್ಷೆ ಮತ್ತು ಅಂಕ

ಜರ್ಮನಿಯಂಥ ಕಡೆ ತರಗತಿಗೆ ಸೇರುವುದು ಬೇರೆ, ಪರೀಕ್ಷೆಗೆ ಹೆಸರು ನೋಂದಾಯಿಸುವುದು ಬೇರೆ. ಸೆಮಿಸ್ಟರ್ ನಡುವೆ ಕೆಲವು ದಿನ ಮಾತ್ರ ಆ ಕಿಟಕಿ ತೆರೆದಿರುತ್ತದೆ. ಎಲ್ಲ ತರಗತಿಗೂ ಹೋಗಿ, ಲ್ಯಾಬೆಲ್ಲ ಮುಗಿಸಿ, ನೋಂದಣಿ ಮರೆತರೆ ಕ್ರೆಡಿಟ್ ಸೊನ್ನೆ. ಅನೇಕ ವಿಷಯಗಳಲ್ಲಿ ಇಂಟರ್ನಲ್ಸ್ ಇಲ್ಲ, ಕೊನೆಯ ಒಂದೇ ಪರೀಕ್ಷೆಗೆ ನೂರಕ್ಕೆ ನೂರು ಅಂಕ. ಮರುಪರೀಕ್ಷೆ ನಡೆಯುವ ಹೊತ್ತಿಗೆ ನೀವು ವಾಪಸ್ ಬಂದಾಗಿರುತ್ತದೆ. ಒಂದು ವಿಷಯದಲ್ಲಿ ಫೇಲಾದರೆ ಇಲ್ಲಿ ಏನು ಮಾಡುತ್ತಾರೆ, ಇಲ್ಲಿಯ ಸಪ್ಲಿಮೆಂಟರಿ ಪರೀಕ್ಷೆಗೆ ಕೂರಬಹುದೇ ಎಂಬುದನ್ನು ಹೋಗುವ ಮೊದಲು ಕೇಳಿ ಬರೆಸಿಕೊಳ್ಳಿ.

ಅಂಕಗಳ ಬಗ್ಗೆ ಕೇಳಬೇಕಾದ ಮೊದಲ ಪ್ರಶ್ನೆ: ಅಲ್ಲಿಯ ಗ್ರೇಡ್ ನಿಮ್ಮ ಸಿಜಿಪಿಎಗೆ ಸೇರುತ್ತದೆಯೇ, ಇಲ್ಲ ‘ಪಾಸ್’ ಎಂದಷ್ಟೇ ದಾಖಲಾಗುತ್ತದೆಯೇ? ಸೇರುವುದಾದರೆ ಯಾವ ಸೂತ್ರದಿಂದ? ಹೊರದೇಶದ ಅಂಕವನ್ನು ಜರ್ಮನ್ ಗ್ರೇಡಿಗೆ ಬದಲಿಸಲು ಜರ್ಮನಿಯಲ್ಲಿ ಹೆಚ್ಚು ಬಳಕೆಯಲ್ಲಿರುವುದು ಮಾರ್ಪಡಿಸಿದ ಬವೇರಿಯನ್ ಸೂತ್ರ. ಗರಿಷ್ಠ ಅಂಕದಿಂದ ನೀವು ಪಡೆದ ಅಂಕ ಕಳೆಯಿರಿ. ಅದನ್ನು, ಗರಿಷ್ಠದಿಂದ ಪಾಸಿನ ಕನಿಷ್ಠ ಅಂಕ ಕಳೆದು ಬಂದದ್ದರಿಂದ ಭಾಗಿಸಿ. ಮೂರರಿಂದ ಗುಣಿಸಿ ಒಂದು ಕೂಡಿಸಿ. ಗರಿಷ್ಠ 10, ಪಾಸಿಗೆ 4, ನಿಮಗೆ ಬಂದದ್ದು 8 ಎಂದರೆ 2ನ್ನು 6ರಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದು ಕೂಡಿಸಿದಾಗ 2.0 ಬರುತ್ತದೆ. ಅಲ್ಲಿ 1.0 ಅತ್ಯುತ್ತಮ, 4.0 ಪಾಸಿನ ಗಡಿ ಎಂಬುದನ್ನು ಮರೆಯಬೇಡಿ. ನಿಮ್ಮ ಪರೀಕ್ಷಾ ವಿಭಾಗದವರಿಗೂ ನೆನಪಿಸಿ: 1.3 ಕಂಡು ಕಡಿಮೆ ಅಂಕವೆಂದು ತಿಳಿಯುವುದು ಸಹಜ.

ಅಲ್ಲಿಂದ ಹೊರಡುವ ಮೊದಲು ಟ್ರಾನ್‌ಸ್ಕ್ರಿಪ್ಟ್ ಯಾರು, ಯಾವಾಗ, ಯಾವ ವಿಳಾಸಕ್ಕೆ ಕಳಿಸುತ್ತಾರೆ ಎಂದು ವಿಚಾರಿಸಿ. ಎರಾಸ್ಮಸ್ ವ್ಯವಸ್ಥೆಯಲ್ಲಿ ಫಲಿತಾಂಶ ಬಂದ ಐದು ವಾರದೊಳಗೆ ಕಳಿಸಬೇಕೆಂಬ ನಿಯಮವಿದೆ. ಅದರಾಚೆ ಹೋದಲ್ಲೆಲ್ಲ ನೀವೇ ಬೆನ್ನುಹತ್ತಬೇಕು. ಓದಿದ ಪ್ರತಿ ವಿಷಯದ ಮಾಡ್ಯೂಲ್ ಪುಟವನ್ನು ಆ ವರ್ಷದ ಆವೃತ್ತಿಯಲ್ಲೇ ಪಿಡಿಎಫ್ ಮಾಡಿ ಇಟ್ಟುಕೊಳ್ಳಿ, ಲ್ಯಾಬ್ ರಿಪೋರ್ಟ್‌ಗಳನ್ನೂ ಎಸೆಯಬೇಡಿ. ಮುಂದಿನ ವರ್ಷಕ್ಕೆ ಕೈಪಿಡಿ ಬದಲಾಗಿ ಹಳೆಯ ಪುಟ ಜಾಲತಾಣದಿಂದ ಮಾಯವಾಗಿರುತ್ತದೆ. ಮೂರು ವರ್ಷದ ಮೇಲೆ ಸ್ನಾತಕೋತ್ತರ ಪದವಿಗೆ ಅರ್ಜಿ ಹಾಕುವಾಗ ಇದೇ ಪುಟವನ್ನು ಮತ್ತೆ ಕೇಳುತ್ತಾರೆ.